ತಾಳೆ ನೋಡುವ ಮೇಜು

ಒಳಗಿನಿಂದ ಬರುತ್ತಿದ್ದ ಧ್ವನಿ ಮೊದಲು ಅವಳಿಗೆ ಮಗ್ಗಿ ಒಪ್ಪಿಸುವ ಹಾಗೆ ಕೇಳಿಸಿತು. ಏರಿಳಿತವಿಲ್ಲ, ಅವಸರವಿಲ್ಲ. ವಯಸ್ಸಾದ ಗಂಡಸಿನ ಧ್ವನಿ, ಗಂಟಲಲ್ಲಿ ಸ್ವಲ್ಪ ಕಫ. ‘ಸದರಿ ಗೋಡೆಯು, ಅಲ್ಪವಿರಾಮ, ಎದುರುದಾರರ ಅಡುಗೆಮನೆಯ ಕಿಟಕಿಯಿಂದ ಮೂರು ಅಡಿ ದೂರದಲ್ಲಿದ್ದು, ಅಲ್ಪವಿರಾಮ, ಬೆಳಕಿಗೆ ಅಡ್ಡಿಯಾಗಿದೆ, ಪೂರ್ಣವಿರಾಮ.’ ಚಿಹ್ನೆಗಳನ್ನೂ ಓದುತ್ತಿದ್ದಾರೆ ಎಂದು ತಿಳಿಯಲು ಅವಳಿಗೆ ಎರಡು ವಾಕ್ಯ ಬೇಕಾಯಿತು. ಪ್ರತಿ ವಾಕ್ಯ ಮುಗಿದಾಗಲೂ ಒಬ್ಬ ಹೆಂಗಸು ‘ಹೂಂ’ ಎನ್ನುತ್ತಿದ್ದಳು, ಕಥೆ ಕೇಳುವವರು ಹೂಂಗುಟ್ಟುವ ಹಾಗೆ. ಯಾರದೋ ಗೋಡೆ, ಯಾರದೋ ಬೆಳಕು. ಕೋರ್ಟಿನ ನಕಲು ಶಾಖೆಯ ಬಾಗಿಲ ಪಕ್ಕದ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವಳಿಗೆ, ಇನ್ನು ಸ್ವಲ್ಪ ಹೊತ್ತಿಗೆ ಇದೇ ಧ್ವನಿ ತನ್ನ ಅಪ್ಪ ಅಮ್ಮನ ವಿಚ್ಛೇದನವನ್ನೂ ಹೀಗೇ ಓದಲಿದೆ ಎಂಬುದು ಆಗ ಹೊಳೆಯಿತು.

ಹತ್ತು ದಿನದ ಹಿಂದೆ ಅರ್ಜಿ ಕೊಡಲು ಬಂದಾಗ ನಮೂನೆಯ ನಾಲ್ಕನೇ ಅಂಕಣದಲ್ಲಿ ‘ಪ್ರಕರಣಕ್ಕೂ ನಿಮಗೂ ಇರುವ ಸಂಬಂಧ’ ಎಂದಿತ್ತು. ‘ಮಗಳು’ ಎಂದು ಬರೆದಳು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ಪೆನ್ನಿನ ತುದಿಯನ್ನು ಆ ಪದದ ಮೇಲಿಟ್ಟು, ‘ಯಾರ ಮಗಳು ಮೇಡಂ? ಅರ್ಜಿದಾರರದೋ, ಎದುರುದಾರರದೋ?’ ಎಂದ. ‘ಇಬ್ಬರದೂ.’ ಹಿಂದೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ‘ಅದು ಸರಿ. ಆದ್ರೆ ಕಂಪ್ಯೂಟರು ಒಬ್ಬರನ್ನೇ ತಗೊಳ್ಳೋದು. ಯಾರ ಕಡೆ ಅಂತ ಹಾಕ್ಲಿ?’ ನಲವತ್ತೇಳು ವರ್ಷದ, ಕೈಕೆಳಗೆ ಆರು ಜನರಿರುವ, ಅಂಗಡಿಗಳ ತಕ್ಕಡಿ ತೂಕಗಳು ಸರಿಯಿವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವ ಪ್ರಯೋಗಾಲಯದ ಮುಖ್ಯಸ್ಥೆಯಾದ ಅವಳು ಬಾಯಿ ಬಾರದೆ ನಿಂತಳು. ‘ಮೇಡಂ, ಹಿಂದೆ ಜನ ಕಾಯ್ತಿದಾರೆ. ಹೋಗ್ಲಿ ಬಿಡಿ, ಯಾರ ಹೆಸರು ಮೊದಲಿದೆಯೋ ಅವರ ಕಡೇನೇ’ ಎಂದು ಅವನೇ ಏನೋ ಒತ್ತಿದ. ಅಪ್ಪನ ಹೆಸರು ಮೊದಲಿತ್ತು. ಈ ಸಲ ಅದನ್ನು ಹೇಳಿದ್ದು ತಾನಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣವೇ ಆ ಸಮಾಧಾನಕ್ಕೆ ನಾಚಿಕೆಯಾಯಿತು. ಆಮೇಲೆ, ಅರ್ಜಿಗೆ ರಸೀದಿ ಹರಿಯುವಾಗ, ಸಾಧ್ಯವಾದಷ್ಟು ಸಾಮಾನ್ಯ ಧ್ವನಿಯಲ್ಲಿ ಕೇಳಿದ್ದಳು: ‘ಪೂರ್ತಿ ಫೈಲಿನ ನಕಲು ಬೇಕು. ಅದರಲ್ಲಿ ಹೇಳಿಕೆದು ಎರಡು ಪುಟ ಮಾತ್ರ ಬಿಡೋಕಾಗತ್ತಾ?’ ಗುಮಾಸ್ತ ಮೊದಲ ಸಲ ಮುಖವೆತ್ತಿ ಅವಳನ್ನು ಸರಿಯಾಗಿ ನೋಡಿದ. ‘ಪೂರ್ತಿ ಅಂದ್ರೆ ಪೂರ್ತಿ ಮೇಡಂ. ಅಂಗಿ ಕೊಡಿ, ತೋಳು ಬೇಡ ಅಂದ್ರೆ ಹೆಂಗೆ?’

ಆ ತೋಳು ಅವಳ ಚೀಲದಲ್ಲೇ ಇತ್ತು. ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ಎರಡು ಹಾಳೆ, ಮಡಿಕೆಯ ಗೆರೆಯಲ್ಲಿ ಹಳದಿ ತಿರುಗಿದ್ದವು. ಪ್ರಕರಣದ ಸಂಖ್ಯೆ ಅದರ ಮೇಲಿದ್ದುದರಿಂದ ತರಲೇಬೇಕಾಗಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ, ಪರೀಕ್ಷೆಯ ಅರ್ಜಿಗೆ ಜನನ ಪ್ರಮಾಣಪತ್ರ ಹುಡುಕುವಾಗ, ಅಪ್ಪ ಚಾಕು ಸಾಣೆಯ ಕಲ್ಲು, ಹಳೆ ಕನ್ನಡಕ, ಮನೆ ನಲ್ಲಿಯ ವಾಷರುಗಳನ್ನೆಲ್ಲ ಇಡುತ್ತಿದ್ದ ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಅದು ಸಿಕ್ಕಿತ್ತು. ‘ಮಗುವಿನ ಹೇಳಿಕೆ. ನ್ಯಾಯಾಧೀಶರ ಖಾಸಗಿ ಕೊಠಡಿಯಲ್ಲಿ, ಪಕ್ಷಗಾರರ ಗೈರುಹಾಜರಿಯಲ್ಲಿ ದಾಖಲಿಸಿದ್ದು.’ ಮಗು ಎಂದರೆ ತಾನು ಎಂದು ಅರ್ಥವಾಗಲು ಎರಡು ಸಲ ಓದಬೇಕಾಯಿತು. ಹೆಸರು, ತರಗತಿ, ಮನೆಯಲ್ಲಿ ಯಾರು ಊಟ ಮಾಡಿಸುತ್ತಾರೆ. ಮೊದಲ ಪುಟದ ಕೊನೆಗೆ, ‘ಪ್ರಶ್ನೆ: ತಾಯಿಯ ಜೊತೆ ಹೋಗಿ ಇರಲು ಇಷ್ಟವೇ? ಉತ್ತರ: ಇಲ್ಲ.’ ಎರಡನೇ ಪುಟದ ಮೊದಲ ಸಾಲು, ‘ಪ್ರಶ್ನೆ: ಮೇಜಿನ ಮೇಲಿನ ಗಾಜಿನ ಗುಂಡು ಬೇಕೇ? ಉತ್ತರ: ಹೂಂ, ಬೇಕು.’ ಅಷ್ಟೇ. ಅದರ ಕೆಳಗೆ ಸಹಿ. ಆ ಗುಂಡು ಅವಳಿಗೆ ಚೆನ್ನಾಗಿ ನೆನಪಿತ್ತು, ನೆನಪಿದ್ದದ್ದು ಅದೊಂದೇ. ಕಾಗದ ಹಾರದಂತೆ ಇಡುವ ಗಾಜು, ಒಳಗೆ ಒಂದು ಗಾಳಿಗುಳ್ಳೆ, ಅದರ ಸುತ್ತ ನೀಲಿ ಎಳೆ. ಅದು ಎಷ್ಟೋ ವರ್ಷ ಅವಳ ಓದುವ ಮೇಜಿನ ಮೇಲಿತ್ತು. ಎಲ್ಲಿಂದ ಬಂತೆಂದು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ. ತಾಯಿ ಬೇಡ, ಗಾಜು ಬೇಕು. ಆರೂವರೆ ವರ್ಷದ ಒಂದು ಹೆಣ್ಣುಮಗು ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿತ್ತು. ಆ ದಿನವೇ ಗುಂಡನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಹಾಳೆಗಳನ್ನು ಇದ್ದ ಹಾಗೆಯೇ ಮಡಿಸಿ ಡಬ್ಬಿಯ ತಳದಲ್ಲಿಟ್ಟಳು. ಅಪ್ಪನನ್ನು ಏನೂ ಕೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಆ ಕೊಠಡಿಯಲ್ಲಿ ತಾನು ‘ಇಲ್ಲ’ ಎಂದದ್ದು ಅವಳಿಗೆ ಕೇಳಿಸತೊಡಗಿತು. ಸಣ್ಣ, ಚೂಪಾದ, ಹಲ್ಲು ಬಿದ್ದ ಸಂದಿಯಿಂದ ಗಾಳಿ ಸೋರುವ ‘ಇಲ್ಲ’. ಓದಿದ ಮೇಲೆ ಹುಟ್ಟಿದ ನೆನಪೋ, ಇದ್ದ ನೆನಪನ್ನು ಓದು ಎಬ್ಬಿಸಿತೋ ಎಂದು ಬೇರ್ಪಡಿಸಲು ಅವಳು ಬಹಳ ಸಲ ಪ್ರಯತ್ನಿಸಿದ್ದಳು. ಆಗಿರಲಿಲ್ಲ. ಕೈಯಿಂದ ಮುಟ್ಟಿದ ತೂಕದ ಬಟ್ಟಿನ ಹಾಗೆ. ಬೆರಳಿನ ಜಿಡ್ಡೂ ತೂಗುತ್ತದೆ, ಆಮೇಲೆ ಲೋಹ ಎಷ್ಟು ಜಿಡ್ಡು ಎಷ್ಟು ಎಂದು ಹೇಳಲು ಬರುವುದಿಲ್ಲ.

‘ಮುರಿದದ್ದಕ್ಕೂ ಕಾಗದ ಬೇಕಂತೆ ಕಣೇ’ ಎಂದಿದ್ದಳು ಅಮ್ಮ, ಮೂರು ವಾರದ ಹಿಂದೆ, ಫೋನಿನಲ್ಲಿ. ಅಮ್ಮ ಆಮೇಲೆ ಮದುವೆಯಾದ ಮೇಷ್ಟ್ರು ತೀರಿಕೊಂಡು ಆರು ತಿಂಗಳಾಗಿತ್ತು. ಅವರ ಪಿಂಚಣಿ ಅಮ್ಮನಿಗೆ ಬರಬೇಕಾದರೆ ಅವಳ ಮೊದಲ ಮದುವೆ ಕಾನೂನಿನ ಪ್ರಕಾರ ಮುಗಿದಿತ್ತು ಎಂಬುದಕ್ಕೆ ಕೋರ್ಟಿನ ನಕಲು ಬೇಕಂತೆ. ‘ನೀನು ಅದೇ ಊರಲ್ಲಿದೀಯ. ತಂದ್ರೆ ತಾ. ಆಗ್ದಿದ್ರೆ ವಕೀಲರಿಗೆ ಹೇಳ್ತೀನಿ. ನಿನ್ನಿಷ್ಟ.’ ನಿನ್ನಿಷ್ಟ. ಅಮ್ಮನ ಎಲ್ಲ ಮಾತೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಚಿಕ್ಕವಳಿದ್ದಾಗ ತಿಂಗಳಿಗೊಂದು ಶನಿವಾರ ಉದ್ಯಾನದ ಬೆಂಚಿನಲ್ಲಿ ಅಮ್ಮನ ಪಕ್ಕ ಕೂತಿರುತ್ತಿದ್ದಳು. ಅಮ್ಮ ಬನ್ನಿನ ಪೊಟ್ಟಣವನ್ನು ಇಬ್ಬರ ನಡುವೆ ಇಟ್ಟು, ‘ಬೇಕಾದ್ರೆ ತಗೋ’ ಎನ್ನುತ್ತಿದ್ದಳೇ ಹೊರತು ‘ಬೇಕಾ?’ ಎಂದು ಕೇಳಿದ್ದು ನೆನಪಿಲ್ಲ. ‘ಜಾರುಬಂಡೆಗೆ ಹೋಗೋದಾದ್ರೆ ಹೋಗು.’ ‘ರಜೆಗೆ ಬಂದ್ರೆ ಬಾ.’ ಹೌದು ಇಲ್ಲ ಎಂದು ಉತ್ತರ ಬರಬಹುದಾದ ಒಂದೇ ಒಂದು ಪ್ರಶ್ನೆಯನ್ನೂ ಅಮ್ಮ ನಲವತ್ತೊಂದು ವರ್ಷದಲ್ಲಿ ತನಗೆ ಕೇಳಿಲ್ಲ ಎಂದು ಅವಳು ಲೆಕ್ಕವಿಟ್ಟವಳಂತೆ ಕಂಡುಕೊಂಡಿದ್ದಳು. ಅದರ ಕಾರಣ ಬಿಸ್ಕತ್ತಿನ ಡಬ್ಬಿಯ ತಳದಲ್ಲಿದೆ ಎಂದುಕೊಂಡಿದ್ದಳು. ಫೋನಿಡುವ ಮುಂಚೆ ಅಮ್ಮ ಮತ್ತೆ ಹೇಳಿದ್ದಳು: ‘ತರೋದಾದ್ರೆ ಎಲ್ಲಾ ತಾ, ತೀರ್ಪು ಒಂದೇ ಅಲ್ಲ. ನನ್ನ ವಿಷಯ ಏನೇನು ಬರೆದಿದಾರೋ, ಒಂದು ಹಾಳೇನೂ ನೋಡಿದವಳಲ್ಲ ನಾನು. ಆಗ ಓದೋ ಧೈರ್ಯ ಇರ್ಲಿಲ್ಲ. ಈಗ ಕನ್ನಡಕ ಬದಲಾಯಿಸಿದೀನಿ.’ ಹೇಳಿ ನಕ್ಕಳು. ಎಪ್ಪತ್ತೆರಡನೇ ವಯಸ್ಸಿನಲ್ಲಿ ಹೊಸ ಕನ್ನಡಕ ಹಾಕಿಕೊಂಡು ಅಮ್ಮ ಮೊದಲ ಪುಟದ ಕೊನೆಯ ಸಾಲಿಗೆ ಬರುವುದು, ಅಲ್ಲಿ ನಿಲ್ಲುವುದು, ಪುಟ ತಿರುಗಿಸಿ ಗಾಜಿನ ಗುಂಡಿಗೆ ಬರುವುದು. ಈ ಹತ್ತು ದಿನದಲ್ಲಿ ಅವಳು ಅದನ್ನು ಎಷ್ಟು ಸಲ ನೋಡಿದ್ದಳೆಂದರೆ, ನಕಲು ಕೈಗೆ ಬಂದ ಮೇಲೆ ಆ ಎರಡು ಹಾಳೆಗಳನ್ನು ಕಿತ್ತುಬಿಡುವುದೆಂದು ತೀರ್ಮಾನಿಸಿಯೇ ಇವತ್ತು ರಜೆ ಹಾಕಿ ಬಂದಿದ್ದಳು. ಜೀವಮಾನವಿಡೀ ಮುದ್ರೆ ತಿದ್ದಿದವರ ತಕ್ಕಡಿಗಳನ್ನು ಜಪ್ತಿ ಮಾಡಿದವಳು. ಚೀಲದಲ್ಲಿ ಪುಟ್ಟ ಕತ್ತರಿಯೂ ಇತ್ತು.

‘ಯಾರ್ರೀ ಹಳೇ ಡೈವೋರ್ಸು ಕೇಸು?’ ಒಳಗಿನಿಂದ ಹೆಂಗಸಿನ ಧ್ವನಿ ಬಂತು. ಎದ್ದು ಬಾಗಿಲಲ್ಲಿ ನಿಂತಳು. ಉದ್ದನೆಯ ಮೇಜು, ಅದರ ಎರಡು ಕಡೆ ಎದುರುಬದುರು ಇಬ್ಬರು. ಈ ಕಡೆ ದಪ್ಪ ಜಡೆಯ ಟೈಪಿಸ್ಟ್ ಹೆಂಗಸು, ಮುಂದೆ ಆಗಷ್ಟೇ ಅಚ್ಚಾದ ಬಿಳಿ ಹಾಳೆಗಳ ಕಟ್ಟು, ಕೈಯಲ್ಲಿ ಕೆಂಪು ಪೆನ್ಸಿಲ್ಲು. ಆ ಕಡೆ ಕುಳ್ಳಗಿನ ಮುದುಕರು, ಬಿಗಿಯಾಗಿ ಗುಂಡಿ ಹಾಕಿದ ಅರ್ಧ ತೋಳಿನ ಅಂಗಿ. ‘ಟೈಪೆಲ್ಲ ಆಗಿದೆ ಮೇಡಂ. ತಾಳೆ ನೋಡೋದು ಒಂದೇ ಬಾಕಿ. ಸಾರು ಅಸಲು ಓದ್ತಾರೆ, ನಾನು ನಕಲು ನೋಡ್ಕೋತೀನಿ. ಒಂದು ಗಂಟೆ ಕೆಲಸ. ಬೇರೆಯವರಾದ್ರೆ ಹತ್ತು ನಿಮಿಷ’ ಎಂದಳು ಟೈಪಿಸ್ಟು, ಮುದುಕರ ಕಡೆ ಕಣ್ಣು ತೋರಿಸಿ. ‘ಇವರಿಗೆ ಆಫೀಸಲ್ಲಿ ಪೂರ್ಣವಿರಾಮ ಅಂತಲೇ ಹೆಸರು. ನಿವೃತ್ತಿ ದಿನ ಹಾರದ ಮೇಲೂ ಒಂದು ಚುಕ್ಕೆ ಇಡಿ ಅಂತಾರೆ.’ ‘ನಿನಗೆ ಚುಕ್ಕೆ ಅಂದ್ರೆ ಸದರ’ ಎಂದರು ಮುದುಕರು, ನಗದೆ. ‘ಒಂದು ಚುಕ್ಕೆ ಬಿಟ್ಟಿದ್ದಕ್ಕೆ ಒಬ್ಬನ ಮನೆ ಇನ್ನೊಬ್ಬನಿಗೆ ಹೋಗಿದ್ದು ನಾನು ಕಂಡಿದೀನಿ.’ ಆಮೇಲೆ ಅವಳ ಕಡೆ ತಿರುಗಿದರು. ‘ನಿಮ್ಮದೇ ಏನು ತಾಯಿ ಇದು?’ ‘ನಮ್ಮ ಅಪ್ಪ ಅಮ್ಮಂದು.’ ಮುದುಕರು ಕನ್ನಡಕ ಸರಿಮಾಡಿಕೊಂಡರು. ‘ಗಟ್ಟಿಯಾಗಿ ಓದ್ತೀವಿ. ನಮಗೆ ಎಲ್ಲ ಒಂದೇ, ಗೋಡೆನೂ ಒಂದೇ ಗಂಡ ಹೆಂಡ್ತಿನೂ ಒಂದೇ. ಕೇಳಿಸ್ಕೊಳ್ಳೋಕೆ ಸಂಕಟ ಆಗೋದಾದ್ರೆ ಹೊರಗೆ ಹೋಗಿ ಕಾಫಿ ಕುಡ್ಕೊಂಡು ಬನ್ನಿ.’ ಹೋಗುತ್ತೇನೆ ಎಂದುಕೊಂಡವಳು ಬಾಗಿಲ ಒಳಗಿದ್ದ ಸ್ಟೂಲಿನ ಮೇಲೆ ಕೂತಳು.

ಯಾಕೆ ಕೂತಳೆಂದರೆ, ಅಸಲನ್ನು ನೋಡಿದ್ದರಿಂದ. ಮುದುಕರ ಮುಂದೆ ಒಂದು ಇಳಿಜಾರಿನ ಹಲಗೆ, ಅದರ ಮೇಲೆ ಅದು ಮಲಗಿತ್ತು. ಕಂದು ರಟ್ಟು, ಮೂಲೆಯಲ್ಲಿ ತೂತು ಕೊರೆದು ಪೋಣಿಸಿದ ದಾರ. ನಲವತ್ತೊಂದು ವರ್ಷದ ಹಿಂದೆ ಯಾರೋ ಹಾಕಿದ ಗಂಟು, ಇನ್ನೂ ಬಿಗಿಯಾಗಿತ್ತು. ನೀಲಿ ಶಾಯಿ ಕಂದಿ ಬೂದಿಯ ಬಣ್ಣಕ್ಕೆ ತಿರುಗಿದ್ದರೂ ಒಂದು ಅಕ್ಷರವೂ ಹರಡಿರಲಿಲ್ಲ. ಮುದುಕರು ಹಾಳೆಯನ್ನು ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಚಪ್ಪಟೆಯ ಮರದ ಅಡಿಪಟ್ಟಿಯನ್ನು ಅಂಚಿನ ಕೆಳಗೆ ತೂರಿಸಿ, ಮಲಗಿದ ಮಗುವನ್ನು ಮಗ್ಗುಲು ಬದಲಿಸುವ ಹಾಗೆ ತಿರುಗಿಸುತ್ತಿದ್ದರು. ಅವಳ ಎದೆಯೊಳಗೆ ಏನೋ ನೆಟ್ಟಗಾಯಿತು. ಪ್ರಯೋಗಾಲಯದಲ್ಲಿ ಗಂಟೆಯಾಕಾರದ ಗಾಜಿನ ಮುಚ್ಚಳದ ಕೆಳಗೆ ಮಖಮಲ್ಲಿನ ಗುಳಿಯಲ್ಲಿ ಕೂತಿರುವ ಮೂಲ ತೂಕವನ್ನು ಅವಳೂ ಹೀಗೇ, ಚಿಮಟದ ತುದಿಯಿಂದ, ಉಸಿರು ಬಿಗಿಹಿಡಿದು ಎತ್ತುತ್ತಾಳೆ. ವರ್ಷಕ್ಕೆ ಒಂದು ಸಲ. ಹೊಸದಾಗಿ ಸೇರಿದವರು ಒಂದು ಕಬ್ಬಿಣದ ತುಂಡಿಗೆ ಇಷ್ಟು ಮಡಿಯೇ ಎಂದು ನಗುತ್ತಾರೆ. ತನ್ನ ಮನೆಯ ಒಡಕನ್ನು, ತಾವು ಮೂವರೂ ಎತ್ತ ಎಸೆದೆವೆಂದು ತಿರುಗಿ ನೋಡದೆ ನಡೆದುಬಿಟ್ಟ ಆ ಚೂರುಗಳನ್ನು, ಯಾರೋ ಅಪರಿಚಿತರು ಇಷ್ಟು ವರ್ಷ ಹುಳ ಹತ್ತದಂತೆ, ತೇವ ತಾಗದಂತೆ, ಗಂಟು ಬಿಚ್ಚಿಹೋಗದಂತೆ ಕಾದಿದ್ದರು. ಯಾರಿಗೂ ಬೇಡದಿದ್ದಾಗಲೂ. ಒಂದು ದಿನ ಯಾರಾದರೂ ಬಂದು ಕೇಳಿಯಾರು ಎಂಬ ಒಂದೇ ಕಾರಣಕ್ಕೆ.

‘ಶುರು ಮಾಡೋಣ್ವಾ ಸಾರ್?’ ‘ಅರ್ಜಿದಾರರು ಮತ್ತು ಎದುರುದಾರರು, ಅಲ್ಪವಿರಾಮ, ಒಂದೇ ಸೂರಿನಡಿ ವಾಸವಾಗಿದ್ದಾಗ್ಯೂ...’ ‘ಹೂಂ.’ ಮದುವೆಯ ದಿನಾಂಕ, ಬಾಡಿಗೆ ಮನೆಯ ಸಂಖ್ಯೆ. ಅಪ್ಪ ಅಮ್ಮನ ಬಾಯಿಂದ ಎಂದೂ ಒಟ್ಟಿಗೆ ಕೇಳದ ಅವರಿಬ್ಬರ ಹೆಸರುಗಳು ಆ ಕಫದ ಧ್ವನಿಯಲ್ಲಿ ಒಂದರ ಪಕ್ಕ ಒಂದು ಕೂತವು. ‘ಎದುರುದಾರರು ಅಡುಗೆಯ ಪಾತ್ರೆಯನ್ನು ನೆಲಕ್ಕೆ ಎಸೆದಿದ್ದು, ಅಲ್ಪವಿರಾಮ, ಅರ್ಜಿದಾರರು ಮೂರು ದಿನ ಮಾತು ಬಿಟ್ಟಿದ್ದು, ಅಲ್ಪವಿರಾಮ...’ ಸಿಟ್ಟಿಲ್ಲದೆ ಓದಿದಾಗ ಸಿಟ್ಟು ಎಷ್ಟು ಸಣ್ಣದಾಗಿ, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಅವಳಿಗೆ ಆಶ್ಚರ್ಯವಾಯಿತು. ಅಪ್ಪನ ಮೂರು ದಿನದ ಮೌನ ಅವಳಿಗೂ ಗೊತ್ತು. ಅವಳ ಮೇಲೆ ಮಾತ್ರ ಅಪ್ಪ ಅದನ್ನು ಎಂದೂ ಪ್ರಯೋಗಿಸಿರಲಿಲ್ಲ. ಬದಲಿಗೆ, ಬೆಳಿಗ್ಗೆ ಐದಕ್ಕೆ ಎದ್ದು ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. ಜಡೆ ಹೆಣೆಯುವುದನ್ನು ಪಕ್ಕದ ಮನೆಯಾಕೆಯಿಂದ ಕಲಿತು ಬಂದಿದ್ದ. ಅವನ ಬೆರಳಿಗೆ ಅದು ಬಗ್ಗುತ್ತಿರಲಿಲ್ಲ, ಒಂದು ಜಡೆ ಮೇಲೆ ಒಂದು ಕೆಳಗೆ. ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ‘ನೀನು ನನ್ನ ಹತ್ರ ಇರ್ತೀನಿ ಅಂದ್ಯಲ್ಲ, ಅಷ್ಟು ಸಾಕಿತ್ತು ನನಗೆ’ ಎಂದಿದ್ದ, ಎದುರಿನ ಗೋಡೆಗೆ ಹೇಳುವವನಂತೆ. ಅವಳು ದಿಂಬು ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿದ್ದಳು.

‘ಮಗುವಿನ ಹೇಳಿಕೆ, ಪೂರ್ಣವಿರಾಮ.’ ಚೀಲದೊಳಗೆ ಕೈ ಹಾಕಿದಳು. ಬೆರಳಿಗೆ ಕತ್ತರಿ ತಾಗಿತು, ಆಮೇಲೆ ಪ್ಲಾಸ್ಟಿಕ್ಕು. ‘ಪ್ರಶ್ನೆ, ಎರಡು ಚುಕ್ಕೆ, ಯಾವ ತರಗತಿ, ಪ್ರಶ್ನಾರ್ಥಕ. ಉತ್ತರ, ಎರಡು ಚುಕ್ಕೆ, ಒಂದನೇ ತರಗತಿ ಬಿ ವಿಭಾಗ, ಪೂರ್ಣವಿರಾಮ.’ ‘ಹೂಂ.’ ‘ಮನೆಯಲ್ಲಿ ಯಾರು ಊಟ ಮಾಡಿಸುತ್ತಾರೆ, ಪ್ರಶ್ನಾರ್ಥಕ. ಉತ್ತರ, ನಾನೇ ಮಾಡುತ್ತೇನೆ, ಪೂರ್ಣವಿರಾಮ.’ ಟೈಪಿಸ್ಟಿನ ತುಟಿಯಲ್ಲಿ ನಗು ಬಂತು. ‘ಹೂಂ.’ ‘ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ, ಪ್ರಶ್ನಾರ್ಥಕ. ಉತ್ತರ, ಇಲ್ಲ, ಪೂರ್ಣವಿರಾಮ.’ ‘ಹೂಂ.’ ಅವಳು ನೆಲದ ಕಲ್ಲುಗಳ ನಡುವಿನ ಸಿಮೆಂಟಿನ ಗೆರೆಯನ್ನು ನೋಡುತ್ತಿದ್ದಳು. ಈಗ. ‘ತಾಯಿಯ ಜೊತೆ ಹೋಗಿ ಇರಲು ಇಷ್ಟವೇ, ಪ್ರಶ್ನಾರ್ಥಕ. ಉತ್ತರ, ಎರಡು ಚುಕ್ಕೆ, ಕಂಸ ತೆರೆ, ಇಲ್ಲ, ಕಂಸ ಮುಚ್ಚು.’

ಹೂಂ ಬರಲಿಲ್ಲ.

‘ಇಲ್ಲಿ ಕಂಸ ಇಲ್ಲ ಸಾರ್’ ಎಂದಳು ಟೈಪಿಸ್ಟು. ‘ಅಸಲಲ್ಲಿ ಇದೆ.’ ‘ಮೇಲಿನ ಉತ್ತರಕ್ಕೆ ಇಲ್ಲ, ಇದಕ್ಕೆ ಇದೆಯಾ? ಬರೆದವರು ಕೈ ತಪ್ಪಿ ಹಾಕಿರ್ತಾರೆ ಅಂತ ನಾನು ಬಿಟ್ಟೆ. ಇಲ್ಲ ಅಂದ್ರೆ ಇಲ್ಲ ತಾನೇ?’ ಮುದುಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ನೋಡಮ್ಮ, ಹತ್ತು ವರ್ಷ ಆಯ್ತು ನೀನು ಬಂದು. ಕಂಸದ ಹೊರಗಿದ್ರೆ ಸಾಕ್ಷಿಯ ಮಾತು. ಒಳಗಿದ್ರೆ ಬರ್ಕೊಳ್ಳೋನ ಮಾತು. ಹೊಡೀತಾರಾ ಅಂದ್ರೆ ಮಗು ಇಲ್ಲ ಅಂದಿದೆ. ಇಲ್ಲಿ ಮಗು ಇಲ್ಲ ಅಂದಿಲ್ಲ. ಉತ್ತರ ಇಲ್ಲ. ಮಗು ಬಾಯೇ ಬಿಟ್ಟಿಲ್ಲ.’ ‘ಅಯ್ಯೋ, ಹಂಗೆ ಬರೆದ್ರೆ ಯಾರಿಗೆ ತಿಳೀಬೇಕು ಸಾರ್? ಮೌನ ಅಂತ ಬರೆದಿದ್ರೆ ಗಂಟೇನು ಹೋಗ್ತಿತ್ತು?’ ‘ಬರೀಬಹುದಿತ್ತು. ಅದು ಆಗಿನ ಪದ್ಧತಿ. ತಪ್ಪಿದ್ರೂ ಸರಿ ಇದ್ರೂ ಅಸಲಲ್ಲಿ ಇದ್ದ ಹಾಗೇ ಬರ್ಬೇಕು. ಹಾಕು ಕಂಸ.’ ಕೆಂಪು ಪೆನ್ಸಿಲ್ಲು ಹಾಳೆಯ ಮೇಲೆ ಎರಡು ಸಲ ಬಾಗಿತು. ಆ ಸದ್ದು ಅವಳಿಗೆ ಕೇಳಿಸಿತು.

ತಾನು ಎದ್ದು ಮೇಜಿನ ಹತ್ತಿರ ಬಂದದ್ದು, ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಮುದುಕರ ಮುಂದೆ ಹಿಡಿದದ್ದು ಅವಳಿಗೆ ಆಮೇಲೆ ಗೊತ್ತಾಯಿತು. ‘ಇದರಲ್ಲೂ ಇಲ್ಲ’ ಎಂದಳು. ‘ಕಂಸ.’ ಮುದುಕರು ಕನ್ನಡಕ ಹಾಕಿಕೊಂಡು, ಹಾಳೆಯನ್ನು ಬೆಳಕಿಗೆ ಹಿಡಿದು, ಓದದೆ ನೇರವಾಗಿ ಕೆಳಗಿನ ಸಹಿಗೆ ಹೋದರು. ‘ತಾಳೆ ನೋಡಿದವರು’ ಎಂದಿದ್ದ ಕಡೆ ಒಂದು ಸೊಟ್ಟ ಗೆರೆ. ‘ಟೈಪು ಮಾಡಿದವರು’ ಎಂದಿದ್ದ ಕಡೆಯೂ ಅದೇ ಸೊಟ್ಟ ಗೆರೆ. ‘ಒಬ್ಬರೇ. ಆಗ ಹಂಗೇ ನಡೀತಿತ್ತು. ತಾನೇ ಬರೆದು ತಾನೇ ಕಣ್ಣಾಡಿಸಿ ತಾನೇ ಸಹಿ. ಅದಕ್ಕೇ ಆಮೇಲೆ ಇಬ್ಬರು ಕೂರಬೇಕು, ಗಟ್ಟಿಯಾಗಿ ಓದ್ಬೇಕು ಅಂತ ನಿಯಮ ಮಾಡಿದ್ದು.’ ಹಾಳೆಯನ್ನು ಅವಳಿಗೆ ವಾಪಸು ಕೊಡುತ್ತ ಅವಳ ಮುಖ ನೋಡಿದರು, ಹಾಳೆಯ ಮೇಲಿನ ಹೆಸರು ನೋಡಿದರು. ‘ಕೂತ್ಕೊಳ್ಳಿ ತಾಯಿ. ಇನ್ನೂ ತೀರ್ಪು ಇದೆ’ ಎಂದರು. ಟೈಪಿಸ್ಟು ಏನೂ ಕೇಳದೆ ತನ್ನ ನೀರಿನ ಬಾಟಲಿಯನ್ನು ಮೇಜಿನ ಅಂಚಿಗೆ ಸರಿಸಿದಳು.

‘ಮೇಜಿನ ಮೇಲಿನ ಗಾಜಿನ ಗುಂಡು ಬೇಕೇ, ಪ್ರಶ್ನಾರ್ಥಕ.’ ಅದೇ ಸಾಲು. ಆದರೆ ಈಗ ಅದರ ಹಿಂದಿನ ಸಾಲು ಬೇರೆಯಾಗಿತ್ತು. ಕರಿ ಕೋಟಿನ ಒಬ್ಬ ಮನುಷ್ಯ ಮಗುವನ್ನು ಒಂದು ಪ್ರಶ್ನೆ ಕೇಳಿದ್ದಾನೆ. ಮಗು ಬಾಯಿ ಬಿಟ್ಟಿಲ್ಲ. ಎಷ್ಟು ಹೊತ್ತು ಕಾದನೋ. ಅದರ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದ್ದಾನೆ, ಮೇಜಿನ ಮೇಲಿನ ಗಾಜಿನ ಮೇಲೆ. ಇನ್ನೊಂದು ಸಲ ಅದೇ ಪ್ರಶ್ನೆ ಕೇಳಬಹುದಿತ್ತು. ಅಪ್ಪನ ಹೆಸರು ಹಿಡಿದು ಕೇಳಬಹುದಿತ್ತು. ಕೇಳಲಿಲ್ಲ. ಗಾಜು ಬೇಕೇ ಎಂದು ಕೇಳಿದ. ಮಗು ಉತ್ತರಿಸಬಲ್ಲ ಪ್ರಶ್ನೆಯನ್ನು ಹುಡುಕಿ ಕೊಟ್ಟ. ಪಕ್ಕದಲ್ಲಿ ಕೂತಿದ್ದ ಬರಹಗಾರ, ಹೆಸರಿಲ್ಲದವನು, ಆ ಮೌನದ ಎದುರು ಪೆನ್ನು ಹಿಡಿದು ಒಂದು ಕ್ಷಣ ನಿಂತಿರಬೇಕು. ಬಿಟ್ಟು ಮುಂದೆ ಹೋಗಬಹುದಿತ್ತು. ಹಾಗೆ ಮಾಡದೆ, ಅದೂ ಒಂದು ಉತ್ತರದ ಜಾಗವೆಂದು ತಿಳಿದು, ಇಲ್ಲದ್ದನ್ನು ಇಲ್ಲವೆಂದು ಬರೆದು, ಅದು ಮಗುವಿನ ತಲೆಯ ಮೇಲೆ ಬೀಳದಿರಲೆಂಬಂತೆ ಎರಡು ಕಡೆ ಎರಡು ಗೆರೆ ಬಾಗಿಸಿದ. ಎರಡು ಅಂಗೈಗಳ ಹಾಗೆ. ಇಪ್ಪತ್ತೆಂಟು ವರ್ಷ ಅವಳ ಕಿವಿಯಲ್ಲಿದ್ದ ಆ ಚೂಪಾದ ಧ್ವನಿ ಯಾರದು ಹಾಗಾದರೆ? ಹುಡುಕಿದಳು. ಕೊಠಡಿ ಇತ್ತು, ಗಾಜು ಇತ್ತು, ನೀಲಿ ಎಳೆ ಇತ್ತು. ಧ್ವನಿ ಇರಲಿಲ್ಲ.

‘ಮಗುವಿನ ಮೌನವನ್ನು, ಅಲ್ಪವಿರಾಮ’ ಎಂದು ಮುದುಕರು ಓದುತ್ತಿದ್ದರು. ತೀರ್ಪಿಗೆ ಬಂದಿದ್ದರು. ‘ಯಾವೊಬ್ಬ ಪಕ್ಷಗಾರರ ಪರವಾಗಿಯೂ ಅರ್ಥೈಸತಕ್ಕದ್ದಲ್ಲ, ಪೂರ್ಣವಿರಾಮ. ಅಷ್ಟು ಎಳೆಯ ಮಗುವಿನ ಮೇಲೆ ಆಯ್ಕೆಯ ಭಾರವನ್ನು ಹೊರಿಸುವುದು ಈ ನ್ಯಾಯಾಲಯಕ್ಕೆ ಇಷ್ಟವಿಲ್ಲ, ಪೂರ್ಣವಿರಾಮ. ಎದುರುದಾರರಿಗೆ ಸದ್ಯಕ್ಕೆ ಸ್ವಂತ ನೆಲೆ ಇಲ್ಲದ ಏಕೈಕ ಕಾರಣದಿಂದ, ಅಲ್ಪವಿರಾಮ...’ ‘ಹೂಂ’ ಎಂದಳು ಟೈಪಿಸ್ಟು, ಮೊದಲಿಗಿಂತ ಮೆಲ್ಲಗೆ. ಅವಳಿಗೆ ಅಪ್ಪ ನೆನಪಾದ. ತೀರ್ಪು ಓದುವಾಗ ಅವನು ಕಟಕಟೆಯ ಹತ್ತಿರ ಎಲ್ಲೋ ನಿಂತಿದ್ದಿರಬೇಕು. ಮಗಳು ತನ್ನ ಪಾಲಿಗೆ ಬಂದಳು ಎಂಬುದಷ್ಟೇ ಕೇಳಿಸಿ ಉಳಿದದ್ದು ಕೇಳಿಸಿರಲಾರದು. ಆಮೇಲೆ ಒಬ್ಬನೇ ಬಂದು ಆ ಎರಡು ಹಾಳೆಗಳನ್ನು ಮಾತ್ರ ಕೇಳಿ ಪಡೆದು, ಓದಿ, ಮಡಿಸಿ ಡಬ್ಬಿಯ ತಳದಲ್ಲಿಟ್ಟು, ಮಗಳು ತನ್ನನ್ನೇ ಆರಿಸಿಕೊಂಡಳು ಎಂಬ ನಂಬಿಕೆಯಲ್ಲಿ ಬೆಳಗಿನ ಐದಕ್ಕೆ ಎದ್ದ. ಸೊಟ್ಟ ಸಹಿಯ ಒಬ್ಬ ಸೋಮಾರಿ ಎರಡು ಗೆರೆ ಬಿಟ್ಟದ್ದರಿಂದ ಅಷ್ಟು ಜಡೆಗಳು. ಅದು ಸುಳ್ಳೇ? ಅಷ್ಟು ಇಸ್ತ್ರಿ, ಅಷ್ಟು ಬೆಳಗು, ಅವೆಲ್ಲ ತಪ್ಪು ತೂಕದಿಂದ ತೂಗಿದ ಸರಕೇ? ಸರಕು ಮಾತ್ರ ನಿಜವಾದದ್ದೇ ಆಗಿತ್ತು. ಅವಳಿಗೆ ಅಪ್ಪನನ್ನು ಈಗ ತಿದ್ದಬೇಕಾಗಿಲ್ಲ ಎಂಬುದು ಒಂದು ದೊಡ್ಡ ಸೌಕರ್ಯದ ಹಾಗೆ ಕಂಡಿತು.

ತಿದ್ದಿದ ಪುಟವನ್ನು ಹೊಸದಾಗಿ ಅಚ್ಚು ಮಾಡಿ, ಇಬ್ಬರೂ ಬೇರೆ ಬೇರೆ ಶಾಯಿಯಲ್ಲಿ ಸಹಿ ಹಾಕಿ, ದಾರ ಪೋಣಿಸಿ, ಗಂಟಿನ ಮೇಲೆ ಮುದ್ರೆ ಒತ್ತುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ‘ಇನ್ನು ಇದನ್ನ ಬಿಚ್ಚಿದ್ರೆ ನಕಲು ಹೋಗಿ ನಕಲಿ ಆಗತ್ತೆ, ನೆನಪಿಟ್ಕೊಳ್ಳಿ ಮೇಡಂ’ ಎಂದಳು ಟೈಪಿಸ್ಟು. ಅವಳು ತಲೆಯಾಡಿಸಿದಳು. ಮುದುಕರಿಗೆ ಏನಾದರೂ ಹೇಳಬೇಕೆನಿಸಿತು. ಬಾಯಿಗೆ ಬಂದದ್ದು, ‘ನಾನೂ ಇದೇ ಕೆಲಸ ಮಾಡೋದು ಸಾರ್, ತೂಕದ ಕಲ್ಲುಗಳಿಗೆ’ ಎಂಬ ಮಾತು. ‘ಹೌದಾ? ಹಂಗಾದ್ರೆ ನಿಮಗೆ ಗೊತ್ತಲ್ಲ. ಯಾರೂ ಥ್ಯಾಂಕ್ಸ್ ಹೇಳಲ್ಲ’ ಎಂದು ಅವರು ಮುಂದಿನ ಫೈಲಿಗೆ ಅಡಿಪಟ್ಟಿ ತೂರಿಸಿದರು. ಹೇಳಬೇಕಾದ್ದು ಅದೇ ಆಗಿತ್ತು, ಅದನ್ನು ಅವರೇ ಹೇಳಿಬಿಟ್ಟರಲ್ಲ ಎಂದು ಪೆಚ್ಚಾಗಿ ಹೊರಗೆ ಬಂದಳು. ಮೆಟ್ಟಿಲ ಮೇಲೆ ವಕೀಲರು, ಕಕ್ಷಿಗಾರರು, ಒಂದು ಮೂಲೆಯಲ್ಲಿ ಬೆನ್ನು ಬೆನ್ನಿಗೆ ತಾಗಿಸದೆ ನಿಂತಿದ್ದ ಒಬ್ಬ ಗಂಡ ಹೆಂಡತಿ, ಅವರ ನಡುವೆ ಬಿಸಿಲು. ಕಂಬಕ್ಕೆ ಒರಗಿ ಅಮ್ಮನಿಗೆ ಫೋನು ಮಾಡಿದಳು.

‘ಸಿಕ್ಕಿರಬೇಕು’ ಎಂದಳು ಅಮ್ಮ. ಕೇಳಲಿಲ್ಲ, ಎಂದಿನ ಹಾಗೆ ಹೇಳಿದಳು. ‘ಸಿಕ್ತು. ಎಲ್ಲಾ ಇದೆ. ಅಮ್ಮ, ನನ್ನ ಹೇಳಿಕೆನೂ ಇದೆ ಇದರಲ್ಲಿ. ಜಡ್ಜು ಕೋಣೆಲಿ ಕೇಳಿದ್ದು.’ ಆ ಕಡೆ ಕುಕ್ಕರೋ ಏನೋ ಸದ್ದು ಮಾಡುತ್ತಿದ್ದದ್ದು ನಿಂತಿತು. ‘ಒಂದು ಸಾಲು ಓದ್ತೀನಿ. ಕೇಳಿಸ್ಕೋ’ ಎಂದು, ಮುದ್ರೆಯ ಗಂಟಿಗೆ ಜಗ್ಗದಂತೆ ಪುಟ ತಿರುಗಿಸಿ, ಮುದುಕರ ಹಾಗೆಯೇ ಓದಿದಳು. ಏರಿಲ್ಲದೆ, ಇಳಿತವಿಲ್ಲದೆ. ‘ತಾಯಿಯ ಜೊತೆ ಹೋಗಿ ಇರಲು ಇಷ್ಟವೇ, ಪ್ರಶ್ನಾರ್ಥಕ. ಉತ್ತರ. ಕಂಸ ತೆರೆ, ಇಲ್ಲ, ಕಂಸ ಮುಚ್ಚು.’ ಆಮೇಲೆ ಕಂಸವೆಂದರೆ ಏನೆಂದು ಹೇಳಿದಳು. ‘ನಾನು ಏನೂ ಹೇಳಿರ್ಲಿಲ್ಲ ಅಮ್ಮ.’

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ‘ಬಾಗಿಲ ಆಚೆ ಕಡೇನೇ ನಿಂತಿದ್ದೆ’ ಎಂದಳು ಅಮ್ಮ. ‘ಜವಾನ ದೂರ ಹೋಗಿ ಅಂದ, ನಾನು ಹೋಗಲಿಲ್ಲ. ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೆ, ಕಳ್ಳಿ ಹಾಗೆ. ಅವರು ಕೇಳಿದ್ದು ಕೇಳಿಸ್ತು. ನೀನು ಹೇಳಿದ್ದು ಕೇಳಿಸ್ಲಿಲ್ಲ. ಆಮೇಲೆ ನೀನು ಅಪ್ಪನ ಕೈ ಹಿಡ್ಕೊಂಡು ಹೋದೆಯಲ್ಲ... ನಾನು ನೊಂದ್ಕೊಳ್ಳಬಾರ್ದು ಅಂತ ಮೆತ್ತಗೆ ಹೇಳಿರ್ಬೇಕು ಅಂದ್ಕೊಂಡೆ. ಮೆತ್ತಗೆ ಹೇಳ್ತಲ್ಲ ಮಗು ಅಂತ, ಅದೊಂದು ಸಮಾಧಾನ ಇಟ್ಕೊಂಡಿದ್ದೆ ಇಷ್ಟು ದಿನ.’ ಮೂಗು ಎಳೆದುಕೊಂಡ ಸದ್ದು. ‘ಹುಚ್ಚಿ ನಾನು. ಏನೂ ಇರ್ಲಿಲ್ಲ ಅಂದ್ರೆ ಏನೂ ಕೇಳಿಸ್ಲಿಲ್ಲ, ಅಷ್ಟೇ ತಾನೇ.’

ಮೆಟ್ಟಿಲ ಮೂಲೆಯ ಗಂಡ ಹೆಂಡತಿಯಲ್ಲಿ ಒಬ್ಬರನ್ನು ಒಳಗಿನಿಂದ ಯಾರೋ ಕೂಗಿ ಕರೆದರು, ಇಬ್ಬರೂ ಹೊರಟರು. ಫೋನಿನೊಳಗೆ ಅಮ್ಮ ಉಸಿರೆಳೆದುಕೊಳ್ಳುತ್ತಿದ್ದಳು, ಎತ್ತರದ ಮೆಟ್ಟಿಲು ಹತ್ತುವ ಮುಂಚೆ ನಿಂತವರ ಹಾಗೆ. ಆಮೇಲೆ ಕೇಳಿದಳು:

‘ನೀನೇ ತಗೊಂಡು ಬರ್ತೀಯಾ?’

ಪ್ರಶ್ನಾರ್ಥಕ. ಆ ಹಳೆಯ ಮೌನ ಇಷ್ಟು ವರ್ಷ ಒಂದು ಕಡೆ ಬಾಗಿದ ಗೆರೆಯ ಹಿಂದೆ ಕಾದು ಕೂತಿದ್ದು ಈಗ ತೆರೆದುಕೊಂಡು ಅವಳನ್ನು ಒಳಗೆ ಕರೆಯುತ್ತಿತ್ತು. ಅಲ್ಲಿ ಗಾಜಿತ್ತು, ಅದರೊಳಗೆ ಗಾಳಿಗುಳ್ಳೆಯಿತ್ತು, ಯಾರೂ ಯಾರನ್ನೂ ಆರಿಸಬೇಕಾಗಿರಲಿಲ್ಲ. ಆ ಕಡೆ ಒಬ್ಬ ಮುದುಕಿ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದಳು.

‘ಬರ್ತೀನಿ’ ಎಂದಳು, ಬಾಗಿಲ ಆಚೆಗೂ ಕೇಳಿಸುವ ಹಾಗೆ ಗಟ್ಟಿಯಾಗಿ. ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು.